ಕೆರೆಯ ತಳದಲ್ಲಿ ಹತ್ತು ದಿನ

ಕೆರೆಗೆ ಸೋಮವಾರ ಜೆಸಿಬಿ ಇಳಿಯುತ್ತದೆ ಎಂಬ ಸುದ್ದಿಯನ್ನು ನೇತ್ರಾಳಿಗೆ ಮೊದಲು ಹೇಳಿದವನು ಅವಳ ಅಪ್ಪ ಹುಲಗಪ್ಪ. ಅವನ ಮಟ್ಟಿಗೆ ಅದು ಸಂತೋಷದ ಸುದ್ದಿ.

“ಹಿರೇಕೆರಿ ಪೂರಾ ಒಣಗೇತಿ ನೋಡವಾ. ಗೌಡ್ರು ಟ್ರ್ಯಾಕ್ಟರಿನವರಿಗೆಲ್ಲಾ ಹೇಳಿ ಕಳಿಸ್ಯಾರ. ಸೋಮವಾರದಿಂದ ಗೋಡು ಹೊಡಿಯೂದು. ಮಳಿ ಹಿಡಿಯೂತನಾ ನನಗ ಕೈತುಂಬ ಕೆಲಸ,” ಎಂದು ಫೋನಿನಲ್ಲಿ ಹೇಳಿದ.

ಬೆಟಗೇರಿಯ ಬಾಡಿಗೆ ಕೋಣೆಯಲ್ಲಿ ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದ ನೇತ್ರಾ ಎದ್ದು ನಿಂತಳು. ಅದು ೨೦೨೪ರ ಏಪ್ರಿಲ್ ತಿಂಗಳ ಒಂದು ಗುರುವಾರ. ತನ್ನೂರು ಅಡರಕಟ್ಟಿಯ ಹಿರೇಕೆರೆ ಒಣಗಲಿ ಎಂದು ಅವಳು ಒಂದು ವರ್ಷದಿಂದ ಕಾಯುತ್ತಿದ್ದಳು. ಊರಿಗೆ ಊರೇ ಕೆರೆ ತುಂಬಲಿ ಎಂದು ಬೇಡಿಕೊಳ್ಳುವಾಗ ತಾನೊಬ್ಬಳೇ ಹೀಗೆ ಕಾಯುವುದು ಅವಳಿಗೇ ಒಂದು ಬಗೆಯಲ್ಲಿ ಕಸಿವಿಸಿ. ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಕೆರೆಯೇನೋ ಒಣಗಿತ್ತು, ಆದರೆ ಅದರ ತಳವನ್ನೇ ಕೆರೆದೊಯ್ಯಲು ನಾಲ್ಕು ದಿನ ಉಳಿದಿತ್ತು.

ನೇತ್ರಾಳಿಗೆ ಆಗ ಮೂವತ್ತೊಂದು ವರ್ಷ. ಗದಗಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನದ ಅತಿಥಿ ಉಪನ್ಯಾಸಕಿ. ಅದರ ಜೊತೆಗೆ ಧಾರವಾಡದಲ್ಲಿ ಶೈಲಾ ಮೇಡಂ ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ, ಹಳೆಯ ಕೆರೆಗಳ ಹೂಳಿನಲ್ಲಿ ಸಿಗುವ ಬಸವನಹುಳದ ಚಿಪ್ಪುಗಳಿಂದ ಆ ಕಾಲದ ಮಳೆಗಾಲ ಹೇಗಿತ್ತು ಎಂದು ತಿಳಿಯುವುದು.

ಈ ಚಿಪ್ಪಿನ ಗೀಳು ಅವಳಿಗೆ ಹತ್ತಿದ್ದು ಏಳೆಂಟು ವರ್ಷದವಳಿದ್ದಾಗ. ಹುಲಗಪ್ಪ ಊರಿನ ದೊಡ್ಡ ಹೊಲಗಳಿಗೆ ಟ್ರ್ಯಾಕ್ಟರಿನಲ್ಲಿ ಕೆರೆಯ ಗೋಡು, ಅಂದರೆ ಹೂಳುಮಣ್ಣು, ಹೇರುತ್ತಿದ್ದ. ತಾಯಿ ತಿಪ್ಪವ್ವ ಅದನ್ನು ಹೊಲದಲ್ಲಿ ಹರಡುವ ಕೂಲಿಗೆ ಹೋಗುತ್ತಿದ್ದಳು. ಬದುವಿನ ಮೇಲೆ ಆಡುತ್ತಿದ್ದ ಹುಡುಗಿಗೆ ಕರಿಮಣ್ಣಿನ ಹೆಂಟೆಯೊಳಗೆ ಜೋಳದ ಕಾಳಿಗಿಂತ ಚಿಕ್ಕ ಬಿಳಿ ಸುರುಳಿಗಳು ಸಿಕ್ಕವು. ಶಾಲೆಗೆ ಒಯ್ದು ತೋರಿಸಿದಳು. ಮಾಸ್ತರರು, “ಇಲ್ಲಿ ಒಂದು ಕಾಲಕ್ಕ ಸಮುದ್ರ ಇತ್ತು ನೋಡು,” ಎಂದುಬಿಟ್ಟರು. ಆ ಮಾತನ್ನು ಅವಳು ಹತ್ತು ವರ್ಷ ನಂಬಿದಳು. ಅಡರಕಟ್ಟಿಯ ಎರೆಹೊಲದ ಮೇಲೆ ಅಲೆ ಏಳುವುದನ್ನು ಕಣ್ಣುಮುಚ್ಚಿ ನೋಡಿದಳು. ಡಿಗ್ರಿಯ ಎರಡನೇ ವರ್ಷದಲ್ಲಿ ಅವು ಸಮುದ್ರದವಲ್ಲ, ಸಿಹಿನೀರಿನ ಹುಳದವು, ಅದೇ ಕೆರೆಯಲ್ಲಿ ಹುಟ್ಟಿ ಅದೇ ಕೆರೆಯಲ್ಲಿ ಸತ್ತವು ಎಂದು ತಿಳಿದಾಗ ಒಂದು ದಿನವೆಲ್ಲ ಮುಖ ಸಣ್ಣದು ಮಾಡಿಕೊಂಡಿದ್ದಳು. ಮರುದಿನ ಅನಿಸಿತು, ಹಾಗಾದರೆ ಇವು ನಮ್ಮ ಕೆರೆಯ ನೀರನ್ನೇ ಕುಡಿದವು, ನಮ್ಮ ಊರಿನ ಬೇಸಿಗೆಯನ್ನೇ ಕಂಡವು. ಅಲ್ಲಿಂದ ಮುಂದೆ ಅವಳು ಬೇರೆ ಯಾವ ವಿಷಯವನ್ನೂ ಹುಡುಕಲಿಲ್ಲ.

೨೦೨೧ರ ಬೇಸಿಗೆಯಲ್ಲಿ ಕೆರೆಯ ನೀರು ಸ್ವಲ್ಪ ಹಿಂದೆ ಸರಿದಾಗ, ಅಂಚಿನಲ್ಲಿ ಒಂದು ಪ್ಲಾಸ್ಟಿಕ್ ಕೊಳವೆಯನ್ನು ನೆಲಕ್ಕೆ ಹೊಡೆದು ಆರು ಅಡಿ ಉದ್ದದ ಹೂಳನ್ನು ಹೊರತೆಗೆದಿದ್ದಳು. ಅದರೊಳಗಿನ ಚಿಪ್ಪುಗಳನ್ನು ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಎತ್ತಿ, ತೊಳೆದು, ಹೊರರಾಜ್ಯದ ಪ್ರಯೋಗಾಲಯಕ್ಕೆ ಕಳಿಸಿ, ಅಲ್ಲಿಂದ ಬಂದ ಅಂಕಿಗಳನ್ನು ಜೋಡಿಸುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಕೊಳವೆಯ ತಳದ ಹತ್ತಿರ ಒಂದು ಪದರದಲ್ಲಿ ಅಂಕಿಗಳು ಥಟ್ಟನೆ ಏರಿದ್ದವು. ಅದು ಕೆರೆ ಬತ್ತಿದ ಕಾಲ ಎಂದು ಅವಳ ಊಹೆ. ಆದರೆ ಅವಳ ಕೆಲಸ ಪರಿಶೀಲಿಸಲು ಕುಳಿತ ಸಮಿತಿಯಲ್ಲಿ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿ ಅವಳ ಬಾಯಿ ಮುಚ್ಚಿಸಿದ್ದರು.

“ನಿಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮೇಲಿನ ಚಿಪ್ಪು ಆ ಬಿರುಕಿನಲ್ಲಿ ಜಾರಿ ಕೆಳಗಿನ ಪದರಕ್ಕೆ ಬಿದ್ದಿಲ್ಲ ಎಂದು ಹೇಗೆ ಹೇಳುತ್ತೀರಿ? ಬೊಗಸೆಯಗಲದ ಕೊಳವೆಯಲ್ಲಿ ಬಿರುಕು ಕಾಣುತ್ತದೆಯೇ?”

ಕಾಣುವುದಿಲ್ಲ. ಅದಕ್ಕೆ ಕೆರೆಯ ನಡುವೆ ಅಗಲವಾದ ಗುಂಡಿ ತೋಡಿ, ಗೋಡೆಯಂತೆ ನಿಂತ ಮಣ್ಣನ್ನು ಕಣ್ಣಾರೆ ನೋಡಬೇಕು. ಅದಕ್ಕೆ ಕೆರೆ ಒಣಗಬೇಕು. ಅದು ಒಣಗಿದ ವರ್ಷವೇ ಜೆಸಿಬಿಯೂ ಬರುವುದಿತ್ತು.

ಶುಕ್ರವಾರ ಬೆಳಿಗ್ಗೆ ಲಕ್ಷ್ಮೇಶ್ವರದ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೋದಲ್ಲಿ ಊರು ಮುಟ್ಟಿದಳು. ಮನೆಗೆ ಹೋಗಲಿಲ್ಲ. ನೇರ ಚನ್ನಬಸವಣ್ಣ ಗೌಡರ ಮನೆಗೆ ಹೋದಳು. ಕೆರೆ ಸಮಿತಿಯ ಅಧ್ಯಕ್ಷರು ಅವರೇ. ಅರವತ್ತು ದಾಟಿದವರು, ಊರಿನಲ್ಲಿ ಹೆಚ್ಚು ಹೊಲವುಳ್ಳವರು. ಪಡಸಾಲೆಯಲ್ಲಿ ಕುಳಿತು ಯಾರ ಹೊಲಕ್ಕೆ ಎಷ್ಟು ಟ್ರೇಲಿ ಗೋಡು ಎಂದು ಪಟ್ಟಿ ಮಾಡುತ್ತಿದ್ದರು. ಅವರ ಹೆಂಡತಿ ಸುಮಿತ್ರವ್ವ ಪಕ್ಕದಲ್ಲಿ ಶೇಂಗಾ ಹಸನು ಮಾಡುತ್ತಿದ್ದರು.

“ಏನವಾ ನೇತ್ರವ್ವಾ, ಕಾಲೇಜಿಗೆ ಸೂಟಿನೇನು?”

“ಇಲ್ರಿ ಗೌಡ್ರ, ರಜಾ ಹಾಕಿ ಬಂದೇನಿ. ಕೆರಿ ವಿಷಯ ಮಾತಾಡೂದಿತ್ತು.”

“ಕುಂದರು. ಹೇಳು.”

“ಕೆರಿ ನಡುವ ಇಪ್ಪತ್ತು ಫೂಟು ಉದ್ದ, ಇಪ್ಪತ್ತು ಫೂಟು ಅಗಲ ಜಾಗಾ ಬಿಡ್ರಿ. ಹದಿನೈದು ದಿನ ಅಲ್ಲಿ ಯಾರೂ ಮುಟ್ಟಬಾರದು. ಆಮ್ಯಾಲ ಬೇಕಾದ್ದು ಮಾಡ್ರಿ.”

ಗೌಡರು ಪಟ್ಟಿಯಿಂದ ತಲೆ ಎತ್ತಿದರು. “ನಡುವಿಂದೇ ಯಾಕ? ನಡುವಿನ ಗೋಡು ಅಂದ್ರ ಬೆಣ್ಣಿ. ಎಲ್ಲಾರೂ ಅದನ್ನ ಕೇಳ್ತಾರ.”

“ನಡುವ ನೀರು ಕಡೀಗೆ ಬತ್ತೂದ್ರಿ. ಅದಕ್ಕ ಅಲ್ಲಿ ಪದರ ಚಲೋ ಉಳದಿರ್ತಾವ. ನನಗ ಅಲ್ಲೀ ಚಿಪ್ಪೇ ಬೇಕು.”

“ಚಿಪ್ಪಿನಾಗ ಅಂಥಾದ್ದೇನೈತಿಬೇ?” ಎಂದು ಸುಮಿತ್ರವ್ವ ಕೈ ನಿಲ್ಲಿಸಿ ಕೇಳಿದರು. ಕೇಳಿದ ಧಾಟಿಯಲ್ಲಿ ಕುಚೋದ್ಯವಿರಲಿಲ್ಲ.

ನೇತ್ರಾ ಅವರ ಕಡೆಗೇ ತಿರುಗಿ ಹೇಳಿದಳು. “ಯವ್ವಾ, ನೀರಾಗ ಹಗುರಂದೂ ಇರ್ತೈತಿ, ಭಾರದ್ದೂ ಇರ್ತೈತಿ. ನಮ್ಮ ಕಣ್ಣಿಗೆ ಎರಡೂ ಒಂದ. ಬಿಸಲಿಗೆ ಹಗುರ ನೀರು ಮೊದಲ ಹಾರಿ ಹೋಗ್ತೈತಿ. ಕೆರಿ ಬತ್ತಿದಂಗ ಉಳದ ನೀರಾಗ ಭಾರದ್ದು ಜಾಸ್ತಿ ಆಗ್ತೈತಿ. ಹುಳ ಅದೇ ನೀರಿನಿಂದ ತನ್ನ ಚಿಪ್ಪು ಕಟ್ಟಿಕೊಳ್ತೈತಿ. ಹುಳ ಸಾಯ್ತೈತಿ, ಚಿಪ್ಪು ಗೋಡಿನ್ಯಾಗ ಉಳೀತೈತಿ. ಐನೂರು ವರ್ಷದ ಮ್ಯಾಲ ತಗದು ನೋಡಿದ್ರೂ, ಆ ವರ್ಷ ಕೆರಿ ತುಂಬಿತ್ತೋ ಬತ್ತಿತ್ತೋ ಅದರಾಗ ಇರ್ತೈತಿ.”

“ಹಂಗಾರ ಮುಂದಿನ ವರ್ಷ ಮಳಿ ಹೆಂಗ ಅಂತ ಹೇಳ್ತಾವೇನು ನಿನ್ನ ಚಿಪ್ಪು?” ಎಂದು ಗೌಡರು ಕೇಳಿದರು.

ಹೌದು ಎಂದುಬಿಟ್ಟರೆ ಕೆಲಸ ಸಲೀಸಾಗುತ್ತಿತ್ತು. ಸಮ್ಮೇಳನಗಳಲ್ಲಿ ದೊಡ್ಡ ದೊಡ್ಡವರೇ ಸುತ್ತಿಬಳಸಿ ಹಾಗೆ ಹೇಳುವುದನ್ನು ಅವಳು ಕೇಳಿದ್ದಳು. “ಇಲ್ರಿ, ಅದನ್ನ ಹೇಳಂಗಿಲ್ಲ,” ಎಂದಳು. “ಈ ಕೆರಿ ಹಿಂದ ಯಾವಾಗ ಬತ್ತಿತ್ತು, ಎಷ್ಟು ಕಾಲ ಬತ್ತಿತ್ತು, ಮತ್ತ ಯಾವಾಗ ತುಂಬಿತು, ಅಷ್ಟ ಹೇಳ್ತಾವ.”

ಗೌಡರು ಪೆನ್ನಿನ ಟೋಪಿ ಹಾಕಿ ಜೇಬಿಗಿಟ್ಟುಕೊಂಡರು.

“ಹೇಳ್ತಾವ ಅಂದಿದ್ರ ನಿನ್ನ ಎಬ್ಬಿಸಿ ಕಳಸ್ತಿದ್ದೆ,” ಎಂದರು. “ಹದಿನೈದು ದಿನ ಆಗಂಗಿಲ್ಲ. ಗಾಡಿ ಒಂದು ಕಡೆಯಿಂದ ಕಡಕೋತ ನಡು ಮುಟ್ಟಾಕ ಎಂಟು ದಿನ ಬೇಕು. ಆ ಎಂಟು ದಿನ ನಿಂದು. ಒಂಬತ್ತನೇ ದಿನ ಬೆಳಿಗ್ಗಿ ನನ್ನ ಮುಂದ ಬಂದು ಅಳಬಾರದು.”

“ಅಳಂಗಿಲ್ರಿ,” ಎಂದಳು ನೇತ್ರಾ.

ಮನೆಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಹುಲಗಪ್ಪ ಮುಖ ಕೊಟ್ಟು ಮಾತಾಡಲಿಲ್ಲ. ಅವನ ಜೊತೆಯ ಚಾಲಕರು ಆಗಲೇ ಚಾಷ್ಟಿ ಮಾಡಿದ್ದರು. ಮಗಳನ್ನು ಎಂ.ಎಸ್ಸಿ. ಓದಿಸಿದ್ದು ಕೆರೆಯ ಮಣ್ಣು ಅಗೆಯಲಿಕ್ಕೇನು ಎಂದು.

“ಎಲ್ಲಾರೂ ಮಣ್ಣು ಬಿಟ್ಟು ಹೋಗಾಕ ಓದ್ತಾರ. ನೀ ಓದಿ ಓದಿ ಮತ್ತ ಅಲ್ಲಿಗೇ ಬಂದಿ,” ಎಂದ ಊಟದ ಹೊತ್ತಿಗೆ, ತಾಟಿನಿಂದ ಕಣ್ಣೆತ್ತದೆ.

“ಬಂದೇನಿ ಖರೆ ಯಪ್ಪಾ. ಆದ್ರ ಈ ಸಲ ನನ್ನ ಕೆಲಸಕ್ಕ ಬಂದೇನಿ,” ಎಂದಳು.

ಊಟವಾದ ಮೇಲೆ ತಿಪ್ಪವ್ವ ಓಣಿ ದಾಟಿ ಹೋಗಿ ಅಮೀನಬಿಯನ್ನು ಕರೆದುಕೊಂಡು ಬಂದಳು. ಅಮೀನಬಿ ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಉದ್ಯೋಗ ಖಾತ್ರಿ ಕೆಲಸದಲ್ಲಿ ಹತ್ತು ವರ್ಷ ಕೃಷಿಹೊಂಡ ತೋಡಿದವಳು. ನೇತ್ರಾ ಚಿಕ್ಕಂದಿನಿಂದ ಅವಳನ್ನು ಚಿಗವ್ವ ಎಂದೇ ಕರೆಯುತ್ತಿದ್ದಳು.

“ಎಷ್ಟು ಆಳ?” ಎಂದು ಅಮೀನಬಿ ಕೇಳಿದಳು.

“ಕೆಳಗಿನ ಹರಳುಮಣ್ಣು, ಗರಸು, ಹತ್ತೂತನಾ. ಹತ್ತು ಫೂಟ ಆಗಬಹುದು.”

“ಹಂಗಾರ ಒಂದು ಕಡೆ ನೆಟ್ಟಗ ಇರಲಿ, ಉಳದ ಮೂರು ಕಡೆ ಮೆಟ್ಟಲಿನಂಗ ಪಾವಟಿಗಿ ಬಿಟಕೋತ ಇಳೀಬೇಕು. ಇಲ್ಲಾಂದ್ರ ಮಣ್ಣು ಮೈಮ್ಯಾಲ ಬರ್ತೈತಿ. ನಾನೂ ಬರ್ತೀನಿ, ನನ್ನ ಕೂಡ ಇಬ್ಬರನ್ನ ಕರಕೊಂಡು ಬರ್ತೀನಿ.”

ಸೋಮವಾರ ಬೆಳಗಿನ ಆರಕ್ಕೆ ಅವರು ಕೆರೆಗೆ ಇಳಿದರು. ಕಾಲಡಿಯ ನೆಲ ಅಂಗೈಯಗಲದ ತುಂಡುತುಂಡಾಗಿ ಒಡೆದಿತ್ತು. ನೇತ್ರಾ ನಾಲ್ಕು ಗೂಟ ಹೊಡೆದು, ಹಗ್ಗ ಕಟ್ಟಿ, ಮೂಲೆಗೊಂದು ಕೆಂಪು ಬಟ್ಟೆ ಬಿಗಿದಳು. ಪಡುವಣ ದಂಡೆಯ ಕಡೆಯಿಂದ ಜೆಸಿಬಿಯ ಸದ್ದು ಶುರುವಾಯಿತು. ಹನ್ನೊಂದರವರೆಗೆ ಅಗೆಯುವುದು, ನಾಲ್ಕರವರೆಗೆ ಒಡ್ಡಿನ ಮೇಲಿನ ಬೇವಿನ ಮರದ ಕೆಳಗೆ ಒರಗುವುದು, ಮತ್ತೆ ಹೊತ್ತು ಮುಳುಗುವವರೆಗೆ ಅಗೆಯುವುದು. ತಿಪ್ಪವ್ವ ರೊಟ್ಟಿ, ಕೆಂಪು ಚಟ್ನಿ, ಮಜ್ಜಿಗೆ ತರುತ್ತಿದ್ದಳು. ಮೂರನೆಯ ದಿನಕ್ಕೆ ನೇತ್ರಾಳ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದವು. ಅವಳು ಬಟ್ಟೆ ಸುತ್ತಿಕೊಂಡು ಸಲಿಕೆ ಹಿಡಿದಳು. ನಾಲ್ಕನೆಯ ದಿನ ಸಂಜೆಗೆ ಒಂಬತ್ತು ಅಡಿ ಇಳಿದಿದ್ದರು. ಉತ್ತರದ ಗೋಡೆಯನ್ನು ನೇತ್ರಾ ಕರಣೆಯಿಂದ ಹೆರೆದು ಹೆರೆದು ಕನ್ನಡಿಯಂತೆ ನುಣುಪು ಮಾಡಿದ್ದಳು. ಕಪ್ಪು, ಬೂದು, ಮತ್ತೆ ಕಪ್ಪು. ನಡುನಡುವೆ ದಾರದೆಳೆಯಂಥ ಬಿಳಿ ಗೆರೆಗಳು, ಒತ್ತೊತ್ತಾಗಿ ಕೂತ ಚಿಪ್ಪುಗಳು. ಮರುದಿನ ಬೆಳಿಗ್ಗೆ ತಳದಿಂದ ಮೇಲಕ್ಕೆ ಎರಡೆರಡು ಸೆಂಟಿಮೀಟರಿಗೆ ಒಂದರಂತೆ ಮಣ್ಣು ಕೊಯ್ದು ಚೀಲ ತುಂಬುವುದು ಅವಳ ಲೆಕ್ಕಾಚಾರ.

ಐದನೆಯ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಅಮೀನಬಿ ಜೊತೆಯ ಇಬ್ಬರನ್ನೂ ಕರೆದುಕೊಂಡು ನೀರು ಕುಡಿಯಲು ಮೇಲೆ ಹತ್ತಿದ್ದಳು. ನೇತ್ರಾ ಚೀಲಗಳ ಮೇಲೆ ನಂಬರು ಬರೆಯುತ್ತ ಗುಂಡಿಯ ಹೊರಗೇ ಕುಳಿತಿದ್ದಳು. ತುಂಬಿದ ಟ್ರೇಲಿ ಎಳೆದುಕೊಂಡು ಒಂದು ಟ್ರ್ಯಾಕ್ಟರು ಸುತ್ತಿನ ದಾರಿ ಬಿಟ್ಟು, ಕೆಂಪು ಬಟ್ಟೆಯ ಮಗ್ಗುಲಿಗೇ ಹಾದುಹೋಯಿತು. ನೆಲ ಗುಡುಗಿದಂತಾಯಿತು. ಆಮೇಲೆ ದೊಪ್ ಎಂದು ಸದ್ದು. ಉತ್ತರದ ಗೋಡೆ ಅರ್ಧಕ್ಕರ್ಧ ಕುಸಿದು ಗುಂಡಿಯೊಳಗೆ ಬಿದ್ದಿತ್ತು.

ಟ್ರ್ಯಾಕ್ಟರು ನಿಂತಿತು. ಅದರಿಂದ ಇಳಿದವನು ಹುಲಗಪ್ಪ.

ನೇತ್ರಾ ಅಪ್ಪನ ಮುಖ ನೋಡಿದಳು. ಅರ್ಧ ಗಳಿಗೆ ಮೊದಲಾಗಿದ್ದರೆ ಆ ಮಣ್ಣಿನ ಕೆಳಗೆ ಅಮೀನಬಿ ಇರುತ್ತಿದ್ದಳು, ಇಲ್ಲವೆ ತಾನು. ಹುಲಗಪ್ಪನಿಗೂ ಅದೇ ಹೊಳೆದಿತ್ತು.

“ಎಲ್ಲಾರೂ ಹಿಂಗ ಹೊಂಟಿದ್ರು, ನಾನೂ...” ಎಂದು ಅಷ್ಟಕ್ಕೇ ನಿಲ್ಲಿಸಿದ.

“ಆತು ಬಿಡಪಾ. ಮಂದಿಗೆ ಏನೂ ಆಗಿಲ್ಲ,” ಎಂದು ಅಮೀನಬಿಯೇ ಸಮಾಧಾನ ಹೇಳಬೇಕಾಯಿತು.

ಹುಲಗಪ್ಪ ಟ್ರೇಲಿಯನ್ನು ಆ ಅಡ್ಡದಾರಿಯ ಬಾಯಿಗೆ ಅಡ್ಡ ನಿಲ್ಲಿಸಿ ಬಿಚ್ಚಿದ. ಹಿಂದೆ ಬರುತ್ತಿದ್ದ ಚಾಲಕರು ಹಾರ್ನು ಹೊಡೆದರು, ಕೂಗಾಡಿದರು. ಅವನು ಕೈಯಿಂದಲೇ ಸುತ್ತಿನ ದಾರಿ ತೋರಿಸಿದ. ಆಮೇಲೆ ಪಾಯಜಾಮ ಮೊಣಕಾಲಿಗೆ ಮಡಚಿ, ಸಲಿಕೆ ತೆಗೆದುಕೊಂಡು ಗುಂಡಿಗೆ ಇಳಿದ. ಆ ಇಡೀ ದಿನ ಅವನು ಗೋಡು ಹೇರಲು ಹೋಗಲಿಲ್ಲ. ಕುಸಿದ ಮಣ್ಣನ್ನು ಹೊರಗೆ ಹಾಕುವುದರಲ್ಲೇ ಸಂಜೆಯಾಯಿತು. ಅಪ್ಪ ಮಗಳ ನಡುವೆ ಬುಟ್ಟಿ ಕೊಡು, ಬುಟ್ಟಿ ತಗೋ ಎಂಬುದರ ಹೊರತು ಮಾತಿರಲಿಲ್ಲ.

ಆರನೆಯ ದಿನ ಹೊಸದಾಗಿ ತೆರೆದುಕೊಂಡ ಗೋಡೆಯನ್ನು ನೇತ್ರಾ ಮತ್ತೆ ಹೆರೆಯತೊಡಗಿದಳು. ಏಳು ಅಡಿಯ ಕೆಳಗೆ ಕರಣೆ ಒಂದು ಕಡೆ ಗಟ್ಟಿಗೆ, ಒಂದು ಕಡೆ ಪುಸಕ್ಕನೆ ಮೆತ್ತಗೆ ಹೋಯಿತು. ಸ್ವಲ್ಪ ನೀರು ಚಿಮುಕಿಸಿ ಒರೆಸಿದಾಗ ಕಂಡಿತು. ಕಪ್ಪು ಮಣ್ಣಿನೊಳಗೆ ಬೆಣೆ ಹೊಡೆದ ಹಾಗೆ, ಮೇಲೆ ಅಗಲ ಕೆಳಗೆ ಚೂಪಾದ ಕಂದು ಪಟ್ಟಿಗಳು. ಒಂದಲ್ಲ, ಏಳು. ಎಲ್ಲವೂ ಒಂದೇ ಮಟ್ಟದಿಂದ ಶುರುವಾಗಿ ಎರಡು ಅಡಿ ಕೆಳಗಿಳಿದಿದ್ದವು. ಆ ಮಟ್ಟದ ಮೇಲೆ ನಾಲ್ಕು ಬೆರಳು ದಪ್ಪದ ಧೂಳುಬಣ್ಣದ ಪದರ. ಅದರ ಮೇಲಿನ ಹೂಳು ಮಾತ್ರ, ಈಗಿನ ಮೇಲ್ಪದರದ ಒಡಕು ಬಿಟ್ಟರೆ, ಒಂದೂ ಬಿರುಕಿಲ್ಲದೆ ಹಾಸಿದಂತೆ ಮಲಗಿತ್ತು.

“ಚಿಗವ್ವಾ, ಇಲ್ಲಿ ನೋಡು.”

ಅಮೀನಬಿ ಬಗ್ಗಿ ನೋಡಿದಳು. ಪಟ್ಟಿಯ ಮೇಲೆ ಬೆರಳಾಡಿಸಿದಳು. ನಂತರ ತಾವು ಬೆಳಿಗ್ಗೆ ತುಳಿದು ಬಂದ ಒಡಕಲು ನೆಲದ ಕಡೆ ಕೈ ಮಾಡಿದಳು. “ಇದು ಅದ ಅಲ್ಲೇನ? ಈಗ ಮ್ಯಾಲ ಒಡದಂಗ ಆವಾಗ ಇಲ್ಲಿ ಒಡದೈತಿ. ನಿನ್ನಿ ಗ್ವಾಡಿ ಬಿದ್ದಿದ್ದೂ ಈ ಸೀಳಿಗುಂಟನ.”

ನೇತ್ರಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಕೆರೆ ಒಂದು ಕಾಲಕ್ಕೆ ತಳದವರೆಗೆ ಬತ್ತಿ ಬಿರಿದಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅವಳ ಊಹೆ ಸರಿಯಾಗಿತ್ತು. ಆದರೆ ಸಮಿತಿಯ ಹಿರಿಯರ ಮಾತೂ ಸರಿಯಾಗಿತ್ತು. ಆ ಬಿರುಕುಗಳಲ್ಲಿ ಮೇಲಿನ ಚಿಪ್ಪುಗಳು ಉದುರಿ ತುಂಬಿದ್ದವು. ಅಂಚಿನಲ್ಲಿ ಹೊಡೆದ ಅವಳ ಕೊಳವೆ ಇಂಥದೇ ಒಂದು ಬಿರುಕನ್ನು ಸೀಳಿಕೊಂಡು ಹೋಗಿದ್ದರೆ ಅವಳ ಎರಡು ವರ್ಷದ ಅಂಕಿಗಳು ಕಲಬೆರಕೆ. ಹೋಗಿರಲಿಲ್ಲ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಕುಸಿದ ಗೋಡೆಗಿಂತ ಇದು ದೊಡ್ಡ ಪೆಟ್ಟು. ಅವಳು ಮಜ್ಜಿಗೆ ಕುಡಿದಳು. ಎದ್ದು, ಚೀಲಗಳನ್ನು ಎರಡು ಗುಂಪು ಮಾಡಿದಳು. ಬಿರುಕಿನೊಳಗಿನ ಮಣ್ಣಿಗೆ ಬೇರೆ, ಬಿರುಕಿಲ್ಲದ ಮಣ್ಣಿಗೆ ಬೇರೆ. ಅಂದರೆ ಕೆಲಸ ಇಮ್ಮಡಿ, ಉಳಿದ ದಿನ ಎರಡೂವರೆ.

ಅವತ್ತೇ ಸಂಜೆ ಗುಂಡಿಯಿಂದ ಮೇಲೆ ಬಂದಾಗ ಪಡುವಣ ದಂಡೆಯ ಹತ್ತಿರ ಜೆಸಿಬಿಯ ಬಕೆಟ್ಟು ಎತ್ತುತ್ತಿದ್ದ ಮಣ್ಣು ಬೆಳ್ಳಗೆ ಕಂಡಿತು. ನೇತ್ರಾ ಓಡುತ್ತ ಹೋಗಿ ನೋಡಿದಳು. ಸುಣ್ಣದ ಹರಳು ಬೆರೆತ ಗರಸು. ಕೊಳವೆ ಹೊಡೆದ ವರ್ಷವೇ ಅವಳಿಗೆ ಗೊತ್ತಾಗಿತ್ತು, ಅಂಚಿನಲ್ಲಿ ಅಂಟುಮಣ್ಣು ಆರು ಅಡಿಗೇ ಮುಗಿಯುತ್ತದೆ. ಅದರ ಕೆಳಗಿನದು ನೀರು ಸೋಸಿಬಿಡುವ ನೆಲ. ಅವಳು ಅದೇ ಮಣ್ಣುಗಾಲಿನಲ್ಲಿ ಗೌಡರ ಮನೆಗೆ ಹೋದಳು.

“ಗೌಡ್ರ, ಪಡುವಲ ಕಡೆ ಗಾಡಿ ನಿಂದ್ರಿಸ್ರಿ. ಗರಸು ಹತ್ತೇತಿ. ಇನ್ನೂ ಕಡದ್ರ ಮಳಿಗಾಲಕ್ಕ ಬಂದ ನೀರು ಅಲ್ಲೇ ಇಂಗಿ ಹೋಗ್ತೈತಿ. ಕೆರಿ ನಿಂದ್ರಂಗಿಲ್ಲ.”

ಗೌಡರು ಮೋಟಾರ್‌ಸೈಕಲ್ ಹತ್ತಿ ಬಂದು, ಒಂದು ಹಿಡಿ ಗರಸು ಕೈಯಲ್ಲಿ ಹಿಡಿದು ನೋಡಿದರು. ಚಾಲಕನಿಗೆ ಕೈಸನ್ನೆ ಮಾಡಿ ಎಂಜಿನ್ ಬಂದ್ ಮಾಡಿಸಿದರು. ಕಡಿದ ಜಾಗಕ್ಕೆ ಕರಿಮಣ್ಣು ಹಾಕಿ ತುಳಿಸಲು ಹೇಳಿದರು. ಹೊರಡುವಾಗ ನಿಂತು, “ನಿನ್ನ ಗ್ವಾಡಿ ಬಿತ್ತಂತ?” ಎಂದು ಕೇಳಿದರು.

“ಬಿತ್ರಿ.”

“ಮತ್ತ ನೀ ಹೆಚ್ಚಿನ ದಿನಾ ಕೇಳಲೇ ಇಲ್ಲಲ್ಲ?”

“ಎಂಟು ದಿನ ಅಂತ ಮಾತಾಗಿತ್ರಿ.”

“ಪಡುವಲ ಕಡೆ ಮುಚ್ಚಾಕ ಹೆಂಗೂ ಎರಡು ದಿನ ಹೋಗ್ತಾವ. ನಿನಗೂ ಎರಡು ದಿನ ತಗೋ,” ಎಂದು ಕಿಕ್ ಹೊಡೆದು ಹೋದರು.

ಹತ್ತನೆಯ ದಿನ ಮಧ್ಯಾಹ್ನ ಕೊನೆಯ ಚೀಲಕ್ಕೆ ದಾರ ಬಿಗಿದಾಗ ಒಟ್ಟು ನೂರಾ ಐವತ್ತೆಂಟು ಚೀಲಗಳು, ಅದರಲ್ಲಿ ಬಿರುಕಿನವು ಇಪ್ಪತ್ಮೂರು. ಹುಲಗಪ್ಪ ಅವನ್ನೆಲ್ಲ ತನ್ನ ಟ್ರೇಲಿಯಲ್ಲಿ ಜೋಳದ ದಂಟು ಹಾಸಿ ಇಟ್ಟು, ಲಕ್ಷ್ಮೇಶ್ವರದ ಬಸ್ ನಿಲ್ದಾಣದವರೆಗೆ ಒಂದೂ ಕುಲುಕದಂತೆ ಒಯ್ದ. ಮರುದಿನ ಬೆಳಿಗ್ಗೆ ಗುಂಡಿ ಇದ್ದ ಜಾಗವನ್ನು ಜೆಸಿಬಿ ಬಳಿದುಕೊಂಡು ಹೋಯಿತು. ನೇತ್ರಾ ಅದನ್ನು ನೋಡಲು ನಿಲ್ಲಲಿಲ್ಲ.

ಧಾರವಾಡದಲ್ಲಿ ಶೈಲಾ ಮೇಡಂ ಬಿರುಕುಗಳ ಫೋಟೊಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದಿಟ್ಟು ಹೇಳಿದರು.

“ಅಂಚಿನ ಕೊಳವೆಯ ಅಧ್ಯಾಯ ಪೂರಾ ತಗೀಬೇಕಾಗ್ತದ. ಎರಡು ವರ್ಷ ಹಿಂದಕ್ಕ ಹೋಗ್ತಿ. ತಿಳೀತೇನು?”

“ತಿಳೀತ್ರಿ ಮೇಡಂ.”

“ನಾ ತಗಿ ಅಂತ ಒತ್ತಾಯ ಮಾಡಂಗಿಲ್ಲ. ಒಂದು ಮಾತು ಬರದು, ಇಂಥಾ ಸಂಶಯ ಅದ ಅಂತ ಹೇಳಿ, ಅಂಕಿ ಹಂಗೇ ಇಟ್ಟವರು ಬಹಳ ಮಂದಿ ಇದ್ದಾರ.”

ನೇತ್ರಾ ವಿಚಾರ ಮಾಡಲು ಎರಡು ದಿನ ಬೇಕೆಂದು ಕೇಳಲಿಲ್ಲ. “ತಗೀತೀನ್ರಿ,” ಎಂದಳು. “ಕಣ್ಣಾರೆ ಬಿರುಕು ಕಂಡ ಮ್ಯಾಲ ಆ ಅಂಕಿ ಮುಂದ ಇಟ್ಟುಕೊಂಡು ನನಗ ಮಾತಾಡಾಕ ಆಗಂಗಿಲ್ಲ.”

ಮುಂದಿನ ಹದಿನೆಂಟು ತಿಂಗಳು ಅವಳ ಬದುಕು ಹೀಗೆ ನಡೆಯಿತು. ವಾರದ ನಾಲ್ಕು ದಿನ ಗದಗಿನಲ್ಲಿ ಪಾಠ. ಗುರುವಾರ ಸಂಜೆ ಧಾರವಾಡದ ಬಸ್ಸು. ಶುಕ್ರವಾರ, ಶನಿವಾರ, ರವಿವಾರ ಸೂಕ್ಷ್ಮದರ್ಶಕದ ಮುಂದೆ. ಒಂದು ಚೀಲ ಮಣ್ಣನ್ನು ನೀರಿನಲ್ಲಿ ಕದಡಿ ಸಣ್ಣ ಜರಡಿಯಲ್ಲಿ ತೊಳೆದರೆ ಉಳಿಯುವುದು ಒಂದು ಚಮಚ ಮರಳು. ಅದರಲ್ಲಿ ಒಡೆಯದ, ಬಣ್ಣಗೆಡದ ಹತ್ತು ಚಿಪ್ಪು ಸಿಕ್ಕರೆ ಪುಣ್ಯ. ಅವನ್ನು ಒದ್ದೆ ಕುಂಚದಲ್ಲಿ ಎತ್ತಿ ಚಿಕ್ಕ ಸೀಸೆಗೆ ಹಾಕಬೇಕು. ಕತ್ತು ನೋಯುತ್ತಿತ್ತು, ಕಣ್ಣು ಉರಿಯುತ್ತಿದ್ದವು. ಹೊಂಬಳದ ಅತ್ತೆ ತಂದ ಸಂಬಂಧವೊಂದಕ್ಕೆ ಹುಡುಗಿ ನೋಡಲು ಬಂದವರು, ಇನ್ನೂ ಎಷ್ಟು ವರ್ಷ ಓದುತ್ತೀ ಎಂದು ಕೇಳಿ ಉತ್ತರಕ್ಕೆ ಕಾಯದೆ ಚಹಾ ಕುಡಿದು ಹೋದರು. ತಿಪ್ಪವ್ವನಿಗೆ ಅದು ಮನಸ್ಸಿಗೆ ಹತ್ತಿತು. ನೇತ್ರಾ ಆ ವಾರವೂ ಗುರುವಾರದ ಬಸ್ಸು ತಪ್ಪಿಸಲಿಲ್ಲ.

ಅಂಕಿಗಳು ಬಂದವು. ಬಿರುಕಿಲ್ಲದ ಮಣ್ಣಿನ ಚಿಪ್ಪುಗಳು ಆ ಒಣ ಮಟ್ಟದ ಕಡೆ ಏರಿದಂತೆಲ್ಲ ಭಾರವಾಗುತ್ತ ಹೋಗಿದ್ದವು, ಕೆರೆ ವರ್ಷದಿಂದ ವರ್ಷಕ್ಕೆ ಕುಗ್ಗಿದ ಹಾಗೆ. ಧೂಳಿನ ಪದರದಲ್ಲಿ ಒಂದು ಚಿಪ್ಪೂ ಇರಲಿಲ್ಲ. ಅದರ ಮೇಲಿನವು ಒಮ್ಮೆಲೆ ಹಗುರ, ತುಂಬಿದ ಕೆರೆಯ ಚಿಪ್ಪುಗಳು. ಬಿರುಕಿನೊಳಗಿನವು ಎರಡರ ಕಲಬೆರಕೆ. ಅಂಚಿನ ಕೊಳವೆಯ ಹಳೆಯ ಅಂಕಿಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಅವು ಬಿರುಕಿನವುಗಳನ್ನೇ ಹೋಲುತ್ತಿದ್ದವು. ಪದರದ ಮೇಲೆ ಕೆಳಗೆ ಸಿಕ್ಕ ಇದ್ದಿಲ ಚೂರುಗಳ ವಯಸ್ಸು ಸುಮಾರು ಆರುನೂರೈವತ್ತು ವರ್ಷ.

ಪಿಎಚ್‌ಡಿಯ ಕೊನೆಯ ಪರೀಕ್ಷೆಯಲ್ಲಿ ಅದೇ ಹಿರಿಯರು ಬಂದು ಕುಳಿತಿದ್ದರು. “ಎಷ್ಟು ವರ್ಷ ಒಣಗಿತ್ತು?” ಎಂದು ಕೇಳಿದರು.

“ಇಪ್ಪತ್ತಕ್ಕೆ ಕಡಿಮೆಯಿಲ್ಲ ಸರ್, ಅರವತ್ತಕ್ಕೆ ಹೆಚ್ಚಿಲ್ಲ. ಅದಕ್ಕಿಂತ ಚೊಕ್ಕವಾಗಿ ಹೇಳಲು ನನ್ನ ಹತ್ತಿರ ಆಧಾರವಿಲ್ಲ.”

ಅವರು ಮುಂದಿನ ಪುಟ ತಿರುವಿದರು. ಬಿರುಕುಗಳ ಚಿತ್ರವಿದ್ದ ಪುಟದಲ್ಲಿ ನಿಂತು, “ಇದನ್ನು ತರಗತಿಯಲ್ಲಿ ತೋರಿಸಲು ನನಗೊಂದು ಪ್ರತಿ ಕಳಿಸಿ,” ಎಂದರು. ಅವಳಿಗೆ ಸಿಕ್ಕ ಹೊಗಳಿಕೆ ಅಷ್ಟೇ, ಮತ್ತು ಅದು ಅವಳಿಗೆ ಸಾಕಾಗಿತ್ತು.

೨೦೨೬ರ ಸಂಕ್ರಾಂತಿಯ ಹಿಂದುಮುಂದೆ ಕೆರೆ ಸಮಿತಿಯ ಸಭೆಗೆ ಗೌಡರು ಅವಳನ್ನು ಕರೆಸಿದರು. ಶಾಲೆಯ ಕೋಣೆ ತುಂಬ ಮಂದಿ. ನೇತ್ರಾ ಫೋಟೊ ತೋರಿಸಿ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದಳು. ಹಿಂದಿನ ಸಾಲಿನಿಂದ ಹುಲಗಪ್ಪ ಎದ್ದು ನಿಂತ. ಮಗಳ ಮುಂದೆ ಪ್ರಶ್ನೆ ಕೇಳಲು ಅವನಿಗೆ ನಾಚಿಕೆ ಇದ್ದಂತಿತ್ತು, ಆದರೂ ಕೇಳಿದ.

“ಅಷ್ಟು ವರ್ಷ ಕೆರಿ ಒಣಗಿತ್ತಂದ್ರ, ಆವಾಗಿನ ಊರ ಮಂದಿ ಎಲ್ಲಿ ಹೋಗಿದ್ರು?”

“ಗೊತ್ತಿಲ್ಲಪಾ. ಚಿಪ್ಪು ಅದನ್ನ ಹೇಳಂಗಿಲ್ಲ. ಇಷ್ಟಂತೂ ಖರೆ, ಮತ್ತ ಕೆರಿ ತುಂಬಿದಾಗ ಅದನ್ನ ಕಾಯ್ದವರು ಯಾರೋ ಇದ್ರು. ಈಗ ಒಡದಿದ್ದ ಮ್ಯಾಲಿನ ಪದರ ಬಿಟ್ರ, ಆಮ್ಯಾಲಿನ ಗೋಡಿನ್ಯಾಗ ಒಂದೂ ಬಿರುಕಿಲ್ಲ.”

ಸಭೆಯಲ್ಲಿ ಸ್ವಲ್ಪ ಹೊತ್ತು ಗುಜುಗುಜು ಎದ್ದಿತು. ಆಮೇಲೆ ಗೌಡರು, ಇನ್ನು ಮುಂದೆ ಗೋಡು ತೆಗೆಯುವ ಮೊದಲು ಎಲ್ಲಿ ಎಷ್ಟು ಆಳಕ್ಕೆ ಗರಸು ಇದೆ ಎಂದು ನೇತ್ರಾ ಗುರುತು ಹಾಕಿಕೊಡಬೇಕು, ಅದರ ಮೇಲೆ ಒಂದು ಗೇಣು ಬಿಟ್ಟೇ ಕಡಿಯಬೇಕು ಎಂದು ಠರಾವು ಬರೆಸಿದರು.

ನೇತ್ರಾ ಈಗಲೂ ಅತಿಥಿ ಉಪನ್ಯಾಸಕಿಯೇ. ಕಾಯಂ ಹುದ್ದೆಗೆ ಅರ್ಜಿ ಹಾಕಿದ್ದಾಳೆ, ಕರೆ ಬಂದಿಲ್ಲ. ಅದಕ್ಕಾಗಿ ಕಾಯುತ್ತ ಕೂತಿಲ್ಲ. ಶಿರಹಟ್ಟಿ ಕಡೆಯ ಒಂದು ಕೆರೆ ಮುಗಿದಿದೆ, ಮುಂಡರಗಿ ಕಡೆಯ ಎರಡು ಹಳೆಯ ಕೆರೆಗಳ ಕೆಲಸ ನಡೆದಿದೆ. ಮೂರೂ ಕಡೆ ಅದೇ ಕಾಲದಲ್ಲಿ ಅದೇ ಧೂಳಿನ ಪದರ ಇದೆಯೇ, ಅಥವಾ ಅದು ಅಡರಕಟ್ಟಿಗೆ ಮಾತ್ರ ಬಂದ ಕಷ್ಟವೇ ಎಂಬುದು ಅವಳ ಈಗಿನ ಪ್ರಶ್ನೆ. ಎಲ್ಲಿಗೆ ಹೋದರೂ ಅಮೀನಬಿ ಜೊತೆಗಿರುತ್ತಾಳೆ. ಕಾಲೇಜಿನ ಹುಡುಗಿಯರು ಹೊಸ ಹುರುಪಿನಲ್ಲಿ ನೆಟ್ಟಗೆ ಅಗೆಯಹೋದರೆ ಅವರ ಕೈಯಿಂದ ಗುದ್ದಲಿ ಇಸಿದುಕೊಂಡು, “ಮೊದಲ ಪಾವಟಿಗಿ, ಆಮ್ಯಾಲ ಶಾಸ್ತ್ರ,” ಎಂದು ಮೆಟ್ಟಿಲು ಕಡಿಯುವುದನ್ನು ತೋರಿಸಿಕೊಡುತ್ತಾಳೆ.